ಡ್ರ್ಯಾಗನ್ ಮನೆಗೆ ಬಂದಿದೆ, ಗಾಬರಿ ಬೇಡ!

ಮಕ್ಕಳು ಮೇಜಿನ ಸುತ್ತ ಕೂತು ಗಂಟೆಗಟ್ಟಲೆ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಂದ್ರೆ ಏನು? ಬೈದು ಎಬ್ಬಿಸಬೇಕಾ, ಪಕ್ಕದಲ್ಲಿ ಕೂರಬೇಕಾ? ಅಮ್ಮಂದಿರಿಗೊಂದು ಪರಿಚಯ.

ಭಾನುವಾರ ಮಧ್ಯಾಹ್ನ. ಊಟ ಮುಗಿಸಿ, ಪಾತ್ರೆ ಎತ್ತಿಟ್ಟು, ಸ್ವಲ್ಪ ಅಡ್ಡಾಗೋಣ ಅಂತ ಹೊರಟಿದ್ದೀರಿ. ಅಷ್ಟರಲ್ಲಿ ಮಗನ ನಾಲ್ಕು ಜನ ಸ್ನೇಹಿತರು ಬಂದು ಡೈನಿಂಗ್ ಟೇಬಲ್ ಹಿಡಿದುಕೊಂಡರು. ಬ್ಯಾಗಿನಿಂದ ಹೊರಬಂದದ್ದು ಲ್ಯಾಪ್‌ಟಾಪ್ ಅಲ್ಲ, ಇಸ್ಪೀಟ್ ಎಲೆಯೂ ಅಲ್ಲ. ಒಂದಿಷ್ಟು ಕಾಗದ, ಪೆನ್ಸಿಲ್, ರಬ್ಬರು ಮತ್ತು ವಿಚಿತ್ರ ಆಕಾರದ ಬಣ್ಣಬಣ್ಣದ ದಾಳಗಳು. ಹತ್ತು ನಿಮಿಷಕ್ಕೇ ಕೂಗಾಟ ಶುರು. “ನಾನು ಬಾಗಿಲು ಒದೀತೀನಿ!” “ಬೇಡ ಕಣೋ, ಒಳಗೆ ಏನಿದೆಯೋ ಏನೋ!” “ಇಪ್ಪತ್ತು! ಇಪ್ಪತ್ತು ಬಿತ್ತು!”

ಏನೋ ಇದು ಅಂತ ಕೇಳಿದರೆ, “ಅಮ್ಮಾ, ಅದು ಡಿ ಅಂಡ್ ಡಿ. ನಿಂಗೆ ಅರ್ಥ ಆಗಲ್ಲ ಬಿಡು” ಅನ್ನುವ ಉತ್ತರ.

ಯಾಕೆ ಅರ್ಥ ಆಗಲ್ಲ? ಖಂಡಿತ ಆಗುತ್ತೆ. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಹೈಸ್ಕೂಲು, ಕಾಲೇಜು ಮಕ್ಕಳ ಕೈಗೆ ಈ ಆಟ ಬಂದು ಕೆಲವು ವರ್ಷಗಳೇ ಆಯ್ತು. 2016ರಲ್ಲಿ ಶುರುವಾದ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ಹುಡುಗರು ಇದನ್ನೇ ಆಡುತ್ತಾರೆ. ಹಾಗಾಗಿ ಹೆಸರು ಕೇಳದ ಮಕ್ಕಳೇ ಕಡಿಮೆ. ಕೇಳದೆ ಉಳಿದವರು ನಾವು, ಅಮ್ಮಂದಿರು. ಗೊತ್ತಿಲ್ಲದ್ದರ ಬಗ್ಗೆ ಭಯ ಹುಟ್ಟೋದು ಸಹಜ. ಆದ್ದರಿಂದ ಮೊದಲು ತಿಳಿದುಕೊಳ್ಳೋಣ, ಆಮೇಲೆ ಬೇಕಾ ಬೇಡವಾ ಅಂತ ತೀರ್ಮಾನಿಸೋಣ.

ಏನಿದು ಆಟ?

ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಇದು ಎಲ್ಲರೂ ಸೇರಿ ಕಟ್ಟುವ ಕಥೆ. ನಾಲ್ಕೈದು ಜನ ಸೇರುತ್ತಾರೆ. ಅವರಲ್ಲಿ ಒಬ್ಬರು ಕಥೆ ನಡೆಸುವವರು. ಅವರಿಗೆ ಡಂಜನ್ ಮಾಸ್ಟರ್ ಅಂತ ಹೆಸರು, ಮಕ್ಕಳ ಬಾಯಲ್ಲಿ ಡಿ.ಎಂ. ಉಳಿದವರು ಒಂದೊಂದು ಪಾತ್ರ ಆಗುತ್ತಾರೆ. ಒಬ್ಬ ಯೋಧ, ಒಬ್ಬಳು ಮಂತ್ರವಾದಿ, ಒಬ್ಬ ಕಳ್ಳ, ಇನ್ನೊಬ್ಬಳು ಗಾಯ ವಾಸಿ ಮಾಡುವ ಪೂಜಾರಿಣಿ... ಹೀಗೆ. ಡಿ.ಎಂ. ಒಂದು ಸನ್ನಿವೇಶ ಹೇಳಿ ನಿಲ್ಲಿಸುತ್ತಾರೆ. “ಕತ್ತಲಾಗಿದೆ. ಎದುರಿಗೆ ಹಳೇ ಕೋಟೆ. ಬಾಗಿಲು ಅರ್ಧ ತೆರೆದಿದೆ. ಈಗ ನೀವೇನು ಮಾಡ್ತೀರಿ?” ಆಟದ ಜೀವ ಇರುವುದೇ ಆ ಪ್ರಶ್ನೆಯಲ್ಲಿ. ಆಟಗಾರರು ಏನು ಮಾಡುತ್ತೇವೆ ಅಂತ ಹೇಳುತ್ತಾರೆ. ಆಗುತ್ತೋ ಇಲ್ಲವೋ ಅನುಮಾನ ಇದ್ದಾಗ ದಾಳ ಹಾಕುತ್ತಾರೆ. ಅಷ್ಟೇ.

ನಮಗೆ ಇದು ತೀರಾ ಹೊಸದೇನೂ ಅಲ್ಲ. ಕರಾವಳಿ, ಮಲೆನಾಡಿನ ಕಡೆಯವರು ತಾಳಮದ್ದಳೆ ನೋಡಿಯೇ ಇರುತ್ತೀರಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಕೃಷ್ಣನಾಗಿ, ಕೌರವನಾಗಿ ವಾದಕ್ಕಿಳಿಯುತ್ತಾರೆ. ಆ ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟುವಂಥದ್ದು. ಡಿ ಅಂಡ್ ಡಿ ಕೂಡ ಕೂತಲ್ಲೇ ಆಡುವ ಮಾತಿನ ಆಟ. ವ್ಯತ್ಯಾಸ ಏನಪ್ಪಾ ಅಂದ್ರೆ, ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಇಲ್ಲಿ ಕೊನೆ ಕಥೆ ನಡೆಸುವವರಿಗೂ ಗೊತ್ತಿರಲ್ಲ!

ಇನ್ನೊಂದು ವಿಶೇಷ ಗಮನಿಸಿ. ಈ ಆಟದಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಗೆಲ್ಲೋದಿಲ್ಲ. ಎಲ್ಲರೂ ಒಂದೇ ತಂಡ. ಬದುಕಿದರೆ ಒಟ್ಟಿಗೆ, ಸಿಕ್ಕಿಹಾಕಿಕೊಂಡರೂ ಒಟ್ಟಿಗೆ. ಡಿ.ಎಂ. ಕೂಡ ಶತ್ರು ಅಲ್ಲ, ತೀರ್ಪುಗಾರ.

ಹುಟ್ಟಿದ್ದು ಮನೆಯಲ್ಲೇ

ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ. ಡೇವ್ ಆರ್ನೆಸನ್ ಎಂಬ ಯುವಕ 1970ರ ದಶಕದ ಆರಂಭದಲ್ಲಿ ಮಿನೆಸೋಟ ರಾಜ್ಯದಲ್ಲಿ ಗೆಳೆಯರನ್ನು ಕೂರಿಸಿಕೊಂಡು ಕೋಟೆಯ ನೆಲಮಾಳಿಗೆಯ ಕಥೆ ಆಡಿಸುತ್ತಿದ್ದ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನ ಗ್ಯಾರಿ ಗೈಗ್ಯಾಕ್ಸ್‌ಗೆ ಅದು ಹಿಡಿಸಿತು. ಆತ ವಿಮಾ ಕಂಪೆನಿಯ ಕೆಲಸ ಕಳೆದುಕೊಂಡು, ಮನೆಯಲ್ಲೇ ಶೂ ರಿಪೇರಿ ಮಾಡಿ ಸಂಸಾರ ನಡೆಸುತ್ತಿದ್ದವನು. ಹೊಸ ಆಟವನ್ನು ಆತ ಮೊದಲು ಆಡಿಸಿದ್ದು ಯಾರಿಗೆ ಗೊತ್ತಾ? ತನ್ನ ಮಗ ಮತ್ತು ಮಗಳಿಗೆ!

1974ರಲ್ಲಿ ಇಬ್ಬರೂ ಸೇರಿ ಬರೆದ ನಿಯಮಗಳು ಮೂರು ಸಣ್ಣ ಪುಸ್ತಕಗಳಾಗಿ, ಒಂದು ಪೆಟ್ಟಿಗೆಯಲ್ಲಿ ಹೊರಬಂದವು. ಮೊದಲ ಮುದ್ರಣ 1,000 ಪ್ರತಿ ಮಾತ್ರ. ಪೆಟ್ಟಿಗೆ ಜೋಡಿಸಿದ್ದೂ ಗೈಗ್ಯಾಕ್ಸ್ ಮನೆಯಲ್ಲೇ. ಇವತ್ತು ಇದರ ಮಾಲೀಕತ್ವ ವಿಝಾರ್ಡ್ಸ್ ಆಫ್ ದ ಕೋಸ್ಟ್ ಕಂಪೆನಿಯದ್ದು. ಗೈಗ್ಯಾಕ್ಸ್ 2008ರಲ್ಲಿ, ಆರ್ನೆಸನ್ 2009ರಲ್ಲಿ ತೀರಿಕೊಂಡರು. 2024ಕ್ಕೆ ಆಟಕ್ಕೆ 50 ವರ್ಷ ತುಂಬಿತು.

ಗಂಡಸರ ಆಟ ಅಂದುಕೊಳ್ಳಬೇಡಿ. 1983ರಲ್ಲಿ ಬಂದ ‘ರೇವನ್‌ಲಾಫ್ಟ್’ ಈ ಆಟದ ಅತಿ ಜನಪ್ರಿಯ ಸಾಹಸಗಳಲ್ಲಿ ಒಂದು. ಅದನ್ನು ಬರೆದವರು ಟ್ರೇಸಿ ಮತ್ತು ಲಾರಾ ಹಿಕ್‌ಮನ್ ಎಂಬ ದಂಪತಿ. 1984ರಿಂದ ಬಂದ ‘ಡ್ರ್ಯಾಗನ್‌ಲ್ಯಾನ್ಸ್’ ಕಾದಂಬರಿಗಳಿಗೆ ಟ್ರೇಸಿ ಜೊತೆ ಕೈಜೋಡಿಸಿದವರು ಮಾರ್ಗರೆಟ್ ವೈಸ್ ಎಂಬ ಮಹಿಳೆ.

ಆಡೋದು ಹೇಗೆ?

ಪ್ರತಿ ಆಟಗಾರರ ಕೈಯಲ್ಲಿ ಒಂದು ಹಾಳೆ ಇರುತ್ತೆ. ಪಾತ್ರದ ಜಾತಕ ಅಂದುಕೊಳ್ಳಿ. ಅದರಲ್ಲಿ ಆರು ಗುಣಗಳಿಗೆ ಅಂಕ: ಬಲ, ಚುರುಕುತನ, ದೇಹದ ತಾಳಿಕೆ, ಬುದ್ಧಿ, ವಿವೇಕ, ಮಾತಿನ ಮೋಡಿ. ಬುದ್ಧಿಗೂ ವಿವೇಕಕ್ಕೂ ಏನು ವ್ಯತ್ಯಾಸ ಅಂತೀರಾ? ಹಾಲು ಯಾಕೆ ಉಕ್ಕುತ್ತೆ ಅಂತ ಗೊತ್ತಿರೋದು ಬುದ್ಧಿ. ಹಾಲಿಟ್ಟು ಫೋನ್ ಎತ್ತಿಕೊಳ್ಳದೇ ಇರೋದು ವಿವೇಕ!

ಇನ್ನು ದಾಳ. ಸಾಮಾನ್ಯವಾಗಿ ಒಂದು ಸೆಟ್‌ನಲ್ಲಿ 7 ದಾಳ ಇರುತ್ತವೆ. 4, 6, 8, 12, 20 ಮುಖದ್ದು ಒಂದೊಂದು, 10 ಮುಖದ್ದು ಎರಡು. ಹೆಚ್ಚು ಕೆಲಸ 20 ಮುಖದ್ದಕ್ಕೆ. ಕೆಲಸ ಸುಲಭವಾದ್ರೆ 10, ಮಧ್ಯಮವಾದ್ರೆ 15, ಕಷ್ಟವಾದ್ರೆ 20 ದಾಟಬೇಕು ಅಂತ ಡಿ.ಎಂ. ನಿಗದಿ ಮಾಡುತ್ತಾರೆ. ಸರಿಯಾಗಿ ಅಷ್ಟೇ ಬಂದರೂ ಗೆದ್ದ ಹಾಗೆ. ಪಾತ್ರದ ಗುಣಕ್ಕೆ ತಕ್ಕಂತೆ ದಾಳದ ಅಂಕಕ್ಕೆ ಒಂದಿಷ್ಟು ಸೇರಿಸಬಹುದು. ಒಂದು ತುಣುಕು ನೋಡಿ:

ಡಿ.ಎಂ: ಪೆಟ್ಟಿಗೆಗೆ ತುಕ್ಕು ಹಿಡಿದ ಬೀಗ. ಪಕ್ಕದ ಕೋಣೆಯಲ್ಲಿ ಕಾವಲುಗಾರ ಗೊರಕೆ ಹೊಡೀತಿದ್ದಾನೆ. ಏನು ಮಾಡ್ತೀರಿ?

ಕಳ್ಳಿ: ನಾನು ತಂತಿ ಹಾಕಿ ಬೀಗ ತೆಗೀತೀನಿ.

ಡಿ.ಎಂ: 15 ಬೇಕು. ದಾಳ ಹಾಕು.

ಕಳ್ಳಿ: 11... ಚುರುಕುತನಕ್ಕೆ 3 ಸೇರಿಸಿದ್ರೆ 14. ಅಯ್ಯೋ, ಒಂದೇ ಒಂದು ಕಮ್ಮಿ!

ಡಿ.ಎಂ: ಬೀಗ ಏನೋ ತೆರೀತು. ಆದ್ರೆ ‘ಟಣ್’ ಅಂತ ಕೆಳಗೆ ಬಿತ್ತು. ಗೊರಕೆ ನಿಂತುಹೋಯ್ತು. ಈಗ?

ಕೊನೆಯ ಮಾತು ಗಮನಿಸಿದಿರಾ? ‘ಆಗಲಿಲ್ಲ, ಮುಗೀತು’ ಅಂತ ಡಿ.ಎಂ. ಹೇಳಲಿಲ್ಲ. ಸೋತದ್ದರಿಂದಲೇ ಕಥೆ ಮುಂದೆ ಹೋಯಿತು. ಪರೀಕ್ಷೆಯಲ್ಲಿ ಒಂದು ಅಂಕ ಕಮ್ಮಿ ಬಂದರೆ ಲೋಕವೇ ಮುಗಿಯಿತು ಅಂತ ಕೂರುವ ನಮ್ಮ ಮಕ್ಕಳಿಗೆ, ಸೋತ ಮೇಲೂ ‘ಈಗ?’ ಅಂತ ಕೇಳುವ ಆಟ ಒಂದಿದ್ದರೆ ಒಳ್ಳೆಯದೇ ಅಲ್ವಾ?

ದಾಳ ಅಂದ್ರೆ ಜೂಜಾ?

ಮನೆಯಲ್ಲಿ ದಾಳ ಉರುಳಿದ ತಕ್ಷಣ ಅತ್ತೆಯವರಿಗೆ ಶಕುನಿ ನೆನಪಾಗಬಹುದು. ಇಲ್ಲಿ ಪಣ ಇಲ್ಲ, ದುಡ್ಡಿಲ್ಲ, ಕಳೆದುಕೊಳ್ಳೋದು ಏನೂ ಇಲ್ಲ. ಚೌಕಾಬಾರದಲ್ಲಿ ಕವಡೆ ಇದ್ದ ಹಾಗೆ ಇಲ್ಲಿ ದಾಳ. ಇನ್ನೊಂದು ಲಾಭವೂ ಉಂಟು. 20 ಮುಖದ ದಾಳದಲ್ಲಿ 15 ಅಥವಾ ಹೆಚ್ಚು ಬೀಳುವ ಸಾಧ್ಯತೆ ಶೇ 30. ಮೂರು ಅಂಕ ಸೇರಿಸುವ ಗುಣ ಇದ್ದರೆ ಶೇ 45. ಸಂಭವನೀಯತೆಯ ಪಾಠಕ್ಕೆ ಮೂಗು ಮುರಿಯುವ ಮಗ ಈ ಲೆಕ್ಕವನ್ನು ಬಾಯಲ್ಲೇ ಹಾಕುತ್ತಾನೆ, ಬೇಕಿದ್ದರೆ ಕೇಳಿ ನೋಡಿ.

ಆ ಹೆದರಿಕೆಯ ಕಥೆ

‘ಈ ಆಟ ಆಡಿದರೆ ಮಕ್ಕಳ ತಲೆ ಕೆಡುತ್ತಂತೆ’ ಅನ್ನುವ ಮಾತು ನಿಮ್ಮ ಕಿವಿಗೂ ಬೀಳಬಹುದು. ಇದು ಹುಟ್ಟಿದ್ದು ಎಲ್ಲಿಂದ ಅಂತ ಪ್ರತಿ ತಾಯಿಯೂ ತಿಳಿಯಬೇಕು.

1979ರ ಆಗಸ್ಟ್‌ನಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ 16 ವರ್ಷದ ವಿದ್ಯಾರ್ಥಿಯೊಬ್ಬ ಕಾಣೆಯಾದ. ಮಹಾ ಬುದ್ಧಿವಂತ ಹುಡುಗ. ತನಗಿಂತ ದೊಡ್ಡವರ ನಡುವೆ ಓದುತ್ತಿದ್ದ. ಆತ ಡಿ ಅಂಡ್ ಡಿ ಆಡುತ್ತಿದ್ದ ಎಂಬುದು ಗೊತ್ತಾಯಿತು. ವಿಶ್ವವಿದ್ಯಾಲಯದ ಕೆಳಗಿನ ಸುರಂಗಗಳಲ್ಲಿ ಆಟವಾಡಲು ಹೋಗಿ ಕಳೆದುಹೋಗಿರಬಹುದು ಎಂದು ಮನೆಯವರು ನೇಮಿಸಿದ ಪತ್ತೇದಾರ ಊಹಿಸಿದ. ಪತ್ರಿಕೆಗಳು ಅದನ್ನೇ ದೇಶ ತುಂಬ ಸಾರಿದವು. ಆದರೆ ಹುಡುಗ ಸುರಂಗಕ್ಕೆ ಇಳಿದದ್ದು ಆಟಕ್ಕಲ್ಲ, ಬದುಕು ಬೇಡವಾಗಿ. ಒಂಟಿತನ, ಓದಿನ ಒತ್ತಡ, ಖಿನ್ನತೆ ಅವನನ್ನು ಹಿಂಡಿದ್ದವು. ಸುಮಾರು ಒಂದು ತಿಂಗಳ ನಂತರ ಬೇರೆ ರಾಜ್ಯದಲ್ಲಿ ಜೀವಂತ ಸಿಕ್ಕ. ಆದರೆ ಮರುವರ್ಷ ಉಳಿಯಲಿಲ್ಲ. ಆಟಕ್ಕೂ ಆ ಪ್ರಕರಣಕ್ಕೂ ಸಂಬಂಧ ಇರಲಿಲ್ಲವೆಂದು ಅದೇ ಪತ್ತೇದಾರ 1984ರಲ್ಲಿ ಪುಸ್ತಕ ಬರೆಯುವಷ್ಟರಲ್ಲಿ ತಡವಾಗಿತ್ತು. 1982ರಲ್ಲೇ ಟಾಮ್ ಹ್ಯಾಂಕ್ಸ್ ನಟಿಸಿದ ‘ಮೇಜಸ್ ಅಂಡ್ ಮಾನ್‌ಸ್ಟರ್ಸ್’ ಎಂಬ ಟಿ.ವಿ. ಸಿನಿಮಾ ಬಂದು, ಆಟ ಆಡಿ ಹುಚ್ಚನಾಗುವ ಹುಡುಗನ ಕಥೆಯನ್ನು ಮನೆಮನೆಗೆ ಮುಟ್ಟಿಸಿಬಿಟ್ಟಿತ್ತು.

ಅದೇ ಸಮಯದಲ್ಲಿ ಮಗನನ್ನು ಕಳೆದುಕೊಂಡ ಪೆಟ್ರೀಷಿಯಾ ಪುಲಿಂಗ್ ಎಂಬ ತಾಯಿ, ಇದಕ್ಕೆ ಆಟವೇ ಕಾರಣ ಎಂದು ನಂಬಿ 1983ರಲ್ಲಿ ಒಂದು ಸಂಘಟನೆ ಕಟ್ಟಿದರು. ಆ ತಾಯಿಯ ಸಂಕಟ ಸುಳ್ಳಲ್ಲ. ಆದರೆ ಅವರ ವಾದಗಳನ್ನು ಲೇಖಕ ಮೈಕೆಲ್ ಸ್ಟ್ಯಾಕ್‌ಪೋಲ್ 1990ರಲ್ಲಿ ಒಂದೊಂದಾಗಿ ಪರಿಶೀಲಿಸಿದಾಗ ಆಧಾರಗಳು ನಿಲ್ಲಲಿಲ್ಲ. ಆಟದಿಂದಲೇ ಮಕ್ಕಳು ಹಾಗೆ ಮಾಡಿಕೊಂಡರು ಎಂಬುದಕ್ಕೆ ಪುರಾವೆ ಸಿಗಲೇ ಇಲ್ಲ.

ಇದರಿಂದ ನಾವು ಕಲಿಯಬೇಕಾದದ್ದು ಏನು? ಊರೆಲ್ಲ ಆಟವನ್ನು ನೋಡಿತು. ಹುಡುಗನನ್ನು ಯಾರೂ ನೋಡಲಿಲ್ಲ. ಮೇಜಿನ ಮೇಲೆ ಡ್ರ್ಯಾಗನ್ ಇದೆಯೋ ಇಲ್ಲವೋ ಅನ್ನುವುದಕ್ಕಿಂತ, ಮೇಜಿನ ಸುತ್ತ ಕೂತ ನಿಮ್ಮ ಮಗುವಿನ ಮುಖ ಹೇಗಿದೆ ಅನ್ನುವುದು ಮುಖ್ಯ.

ಹಾಗಾದ್ರೆ ಏನನ್ನು ಗಮನಿಸಬೇಕು?

* ಗುಂಪು ಯಾವುದು? ಮನೆಗೇ ಬರುವ ಕ್ಲಾಸ್‌ಮೇಟ್‌ಗಳಾದರೆ ಚಿಂತೆ ಕಡಿಮೆ. ಈ ಆಟವನ್ನು ಇಂಟರ್‌ನೆಟ್‌ನಲ್ಲಿ ಗುರುತಿಲ್ಲದವರ ಜೊತೆಗೂ ಆಡಬಹುದು. ಅಲ್ಲಿ ವಯಸ್ಸು, ಹೆಸರು ಯಾವುದೂ ಖಾತ್ರಿ ಇಲ್ಲ. ಯಾರ ಜೊತೆ ಅಂತ ಕೇಳುವ ಹಕ್ಕು ನಿಮಗಿದೆ, ಕೇಳಿ. ಫೋಟೊ, ಶಾಲೆ, ಮನೆ ವಿಳಾಸ ಕೊಡಬಾರದು ಎಂದು ಸ್ಪಷ್ಟವಾಗಿ ಹೇಳಿ.

* ಮಗಳು ಆಡುತ್ತಿದ್ದರೆ ಅವಳಿಗೆ ಮಾತಾಡಲು ಅವಕಾಶ ಸಿಗುತ್ತಿದೆಯೇ? ಕಥೆಯ ನೆಪದಲ್ಲಿ ಯಾರಾದರೂ ಅಸಭ್ಯವಾಗಿ ಮಾತಾಡುತ್ತಾರೆಯೇ? ‘ಅದು ನಾನಲ್ಲ, ನನ್ನ ಪಾತ್ರ’ ಅನ್ನುವುದು ಕೆಟ್ಟ ಮಾತಿಗೆ ಲೈಸೆನ್ಸ್ ಅಲ್ಲ.

* ಒಳ್ಳೆಯ ಗುಂಪುಗಳು ಆಟಕ್ಕೆ ಮೊದಲೇ ಕೂತು ಏನು ಬೇಕು, ಏನು ಬೇಡ ಅಂತ ಮಾತಾಡಿಕೊಳ್ಳುತ್ತವೆ. ಇದಕ್ಕೆ ‘ಸೆಷನ್ ಝೀರೋ’ ಅಂತಾರೆ. ಜಾನ್ ಸ್ಟಾವ್ರೊಪೊಲಸ್ ಎಂಬುವರು ರೂಪಿಸಿದ ‘ಎಕ್ಸ್ ಕಾರ್ಡ್’ ಎಂಬ ಸರಳ ಉಪಾಯವೂ ಇದೆ. ಗುಣಾಕಾರ ಚಿಹ್ನೆ ಬರೆದ ಕಾರ್ಡನ್ನು ಮೇಜಿನ ನಡುವೆ ಇಡೋದು. ಯಾರಿಗೆ ಇರುಸುಮುರುಸಾದರೂ ಅದನ್ನು ಮುಟ್ಟಿದರೆ ಸಾಕು, ಆ ಭಾಗ ಬಿಟ್ಟು ಕಥೆ ಮುಂದೆ ಹೋಗುತ್ತದೆ. ಕಾರಣ ಕೇಳುವಂತಿಲ್ಲ.

* ಸಮಯ. ಒಂದು ಆಟಕ್ಕೆ ಮೂರು ನಾಲ್ಕು ಗಂಟೆ ಸಲೀಸಾಗಿ ಹೋಗುತ್ತದೆ. ‘ಬಿಡು’ ಅನ್ನುವ ಬದಲು ‘ಎಷ್ಟು ಗಂಟೆಗೆ ಮುಗಿಸ್ತೀರಿ?’ ಅಂತ ಮೊದಲೇ ಕೇಳಿ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಹತ್ತಿರ ಬಂದಾಗ ಕಥೆಗೆ ಬ್ರೇಕ್ ಕೊಡಿ ಅಂತ ಇಡೀ ಗುಂಪಿಗೇ ಹೇಳಿ. ಒಬ್ಬನಿಗೆ ಮಾತ್ರ ಹೇಳಿದರೆ ಅವಮಾನ ಆಗುತ್ತೆ.

* ದುಡ್ಡು. ಮೂರು ಮುಖ್ಯ ಪುಸ್ತಕಗಳೂ ದುಬಾರಿ. ಶುರುವಿಗೆ ಅವು ಬೇಕಾಗಿಲ್ಲ. ಮೂಲ ನಿಯಮಗಳು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. 2023ರಲ್ಲಿ ಕಂಪೆನಿಯೇ ನಿಯಮಗಳ ದೊಡ್ಡ ಭಾಗವನ್ನು ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಟ್ಟಿದೆ. ಗುಂಪಿಗೆ ಒಂದು ಸೆಟ್ ದಾಳ ಸಾಕು.

* ಮಗು ಗುಂಪಿನಲ್ಲಿ ನಗುತ್ತಾ ಆಡುತ್ತಿದ್ದರೆ ಸಂತೋಷ. ಆದರೆ ಊಟ, ನಿದ್ದೆ ಬಿಟ್ಟಿದ್ದರೆ, ಸ್ನೇಹಿತರನ್ನೂ ದೂರ ಇಟ್ಟಿದ್ದರೆ, ‘ನಾನು ಇರಬಾರದಿತ್ತು’ ಎನ್ನುವಂಥ ಮಾತು ಬಂದರೆ ಆಟವನ್ನು ಬೈಯುತ್ತ ಕೂರಬೇಡಿ. ತಕ್ಷಣ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ನೀವೇ ಒಮ್ಮೆ ನಡೆಸಿ!

ಇಷ್ಟೆಲ್ಲ ಗಮನಿಸೋದಕ್ಕೆ ಬಾಗಿಲ ಸಂದಿಯಿಂದ ಇಣುಕಬೇಕಾಗಿಲ್ಲ. ಸುಲಭದ ದಾರಿ ಇದೆ. ನೀವೂ ಕೂತು ಆಡಿ. ಇನ್ನೂ ಧೈರ್ಯ ಇದ್ದರೆ ನೀವೇ ಡಿ.ಎಂ. ಆಗಿ.

‘ನನ್ನ ಕೈಲಾಗುತ್ತಾ?’ ಅನ್ನಬೇಡಿ. ಊಟ ಬೇಡ ಅನ್ನುವ ಮಗುವಿಗೆ ಕಥೆ ಹೇಳುತ್ತಾ ತುತ್ತು ಇಟ್ಟವರು ನೀವು. ನಡುವೆ ಅದು ‘ಆಮೇಲೆ ಹುಲಿ ಬರಲೇ ಇಲ್ಲ’ ಅಂತ ಕಥೆ ತಿರುಗಿಸಿದಾಗ, ಕ್ಷಣದಲ್ಲಿ ಹುಲಿಯನ್ನು ಕಾಡಿಗೆ ಕಳಿಸಿ ಕರಡಿಯನ್ನು ಕರೆಸಿದವರೂ ನೀವೇ. ಡಿ.ಎಂ.ಗೆ ಬೇಕಾದದ್ದು ಇದೇ. ನಿಯಮ ಎಲ್ಲ ಬಾಯಿಪಾಠ ಬರಬೇಕೆಂದಿಲ್ಲ. ಮೊದಲ ದಿನಕ್ಕೆ ಹಾವು-ಏಣಿ ಡಬ್ಬಿಯ ಎರಡು ದಾಳ ಸಾಕು.

ಸುಲಭ ನಿಯಮ ಹೀಗಿರಲಿ: ಪ್ರತಿಯೊಬ್ಬರೂ ತಮ್ಮ ಪಾತ್ರಕ್ಕೆ ಒಂದು ಹೆಸರು, ಒಂದು ಶಕ್ತಿ, ಒಂದು ದೌರ್ಬಲ್ಯ ಬರೆದುಕೊಳ್ಳಲಿ. ಕಷ್ಟದ ಕೆಲಸಕ್ಕೆ ಎರಡು ದಾಳ ಹಾಕಿ. ಒಟ್ಟು 8 ಅಥವಾ ಹೆಚ್ಚು ಬಂದರೆ ಕೆಲಸ ಆಯಿತು. ಅದು ಅವರ ಶಕ್ತಿಗೆ ಸೇರಿದ ಕೆಲಸವಾದರೆ 2 ಸೇರಿಸಿ. ಎರಡು ದಾಳ 36 ರೀತಿಯಲ್ಲಿ ಬೀಳಬಹುದು. ಸಾಮಾನ್ಯ ಪಾತ್ರಕ್ಕೆ ಅದರಲ್ಲಿ 15 ರೀತಿಯಲ್ಲಿ ಗೆಲುವು, ಶಕ್ತಿ ಇದ್ದವರಿಗೆ 26 ರೀತಿಯಲ್ಲಿ. ಸೋಲುವ ಭಯವೂ ಉಳಿಯಿತು, ಗೆಲ್ಲುವ ಆಸೆಯೂ ಉಳಿಯಿತು. ದೌರ್ಬಲ್ಯ ಯಾಕೆ ಅಂತೀರಾ? ‘ಹಲ್ಲಿ ಕಂಡರೆ ಹೆದರುವ ಮಹಾವೀರ’ ಇದ್ದರೆ ತಾನೇ ನಗು!

ಕಥೆ ನಡೆಸುವವರಿಗೆ ಕಿವಿಮಾತು

1. ಇಡೀ ಕಥೆ ಬರೆದಿಡಬೇಡಿ. ಒಂದು ಜಾಗ, ಒಂದು ತೊಂದರೆ, ಇಬ್ಬರು ಊರಿನವರು, ಒಂದು ಗುಟ್ಟು. ಇಷ್ಟು ಇದ್ದರೆ ಎರಡು ಗಂಟೆ ಆಟ ಸಾಗುತ್ತದೆ. ಕೊನೆ ಹೀಗೇ ಆಗಬೇಕು ಅಂತ ಹಟ ಬೇಡ. ಮಕ್ಕಳು ನೀವು ಎಣಿಸದ ದಾರಿಯಲ್ಲೇ ಹೋಗುತ್ತಾರೆ, ಹೋಗಲಿ ಬಿಡಿ.

2. ‘ಹೀಗೆ ಮಾಡಿ’ ಅನ್ನಬೇಡಿ, ‘ಏನು ಮಾಡ್ತೀರಿ?’ ಅನ್ನಿ. ಅಮ್ಮಂದಿರಿಗೆ ಇದೇ ಅತಿ ಕಷ್ಟದ ನಿಯಮ! ದಿನವಿಡೀ ಸ್ನಾನ ಮಾಡು, ಓದು, ಮಲಗು ಅನ್ನುವ ಬಾಯಿಗೆ ಎರಡು ಗಂಟೆ ರಜೆ ಕೊಡಿ. ತಪ್ಪು ದಾರಿ ಹಿಡಿದರೂ ತಡೆಯಬೇಡಿ. ಗುಹೆಯೊಳಗೆ ಬಿದ್ದರೆ ಪೆಟ್ಟಾಗೋದು ಪಾತ್ರಕ್ಕೆ, ಮಗುವಿಗಲ್ಲ.

3. ಮುಖ್ಯವಾದ ಸುಳಿವನ್ನು ಮೂರು ಕಡೆ ಇಡಿ. ಒಂದನ್ನು ಗಮನಿಸೋದಿಲ್ಲ, ಇನ್ನೊಂದನ್ನು ತಪ್ಪು ತಿಳಿಯುತ್ತಾರೆ, ಮೂರನೆಯದು ಕೈಗೆ ಸಿಗುತ್ತದೆ.

4. ಪ್ರತಿ ಮಾತಿಗೂ ದಾಳ ಬೇಡ. ಬಾಗಿಲು ತೆರೆಯೋದಕ್ಕೆ, ಮೆಟ್ಟಿಲು ಹತ್ತೋದಕ್ಕೆಲ್ಲ ದಾಳ ಹಾಕಿಸಿದರೆ ಬೇಜಾರು. ಗೆದ್ದರೂ ಸೋತರೂ ಕಥೆಗೆ ಏನಾದರೂ ಆಗುವಂತಿದ್ದರೆ ಮಾತ್ರ ಹಾಕಿಸಿ.

5. ಸುಮ್ಮನೆ ಕೂತವರನ್ನು ಮಾತಾಡಿಸಿ. ಜೋರು ಬಾಯಿಯ ಮಗು ಎಲ್ಲರ ಪರವಾಗಿಯೂ ಉತ್ತರ ಕೊಡುತ್ತದೆ. ಬಡಿಸುವಾಗ ಕೊನೆಯ ಪಂಕ್ತಿಯನ್ನು ಮರೆಯದ ಹಾಗೆ, ಎಲ್ಲರಿಗೂ ಸರದಿ ಬರುವಂತೆ ನೋಡಿಕೊಳ್ಳಿ. ನಾಚಿಕೆಯ ಮಗುವಿಗೆ “ಮಂತ್ರವಾದಿ ಏನು ಯೋಚನೆ ಮಾಡ್ತಿದ್ದಾರೆ?” ಅಂತ ಪಾತ್ರವನ್ನೇ ಕೇಳಿ. ತನ್ನ ಹೆಸರಿನಲ್ಲಿ ಬಾಯಿ ತೆರೆಯದವಳು ಮಂತ್ರವಾದಿಯ ಹೆಸರಿನಲ್ಲಿ ಮಾತಾಡುತ್ತಾಳೆ. ಹೊರದೇಶಗಳಲ್ಲಿ ಕೆಲವು ಆಪ್ತಸಮಾಲೋಚಕರು ನಾಚಿಕೆಯ ಮಕ್ಕಳಿಗೆ ಗುಂಪಿನಲ್ಲಿ ಬೆರೆಯೋದನ್ನು ಕಲಿಸಲು ಈ ಆಟ ಬಳಸುವುದೂ ಇದಕ್ಕೇ.

6. ಚಿಕ್ಕವರನ್ನು ಹೊರಗಿಡಬೇಡಿ. ಅಂಗಡಿಯಲ್ಲಿ ಸಿಗುವ ಡಿ ಅಂಡ್ ಡಿ ಡಬ್ಬಿಗಳ ಮೇಲೆ ಸಾಮಾನ್ಯವಾಗಿ 12 ವರ್ಷ ಮೇಲ್ಪಟ್ಟವರಿಗೆ ಅಂತ ಇರುತ್ತೆ. ಆದರೆ ಮನೆಯ ಸುಲಭ ಆಟಕ್ಕೆ ಏಳೆಂಟು ವರ್ಷದವರೂ ಸೇರಬಹುದು. ಅಜ್ಜಿಯನ್ನೂ ಕರೆಯಿರಿ. ರಾಕ್ಷಸಿಯ ಪಾತ್ರಕ್ಕೆ ಅವರಷ್ಟು ಚೆನ್ನಾಗಿ ದನಿ ಕೊಡುವವರು ಸಿಗಲಾರರು!

7. ನಿಲ್ಲಿಸೋದು ಕುತೂಹಲದ ಜಾಗದಲ್ಲಿ. ಧಾರಾವಾಹಿ ನೋಡಿ ಗೊತ್ತಿರುವ ನಮಗೆ ಇದನ್ನು ಹೇಳಿಕೊಡಬೇಕಾ?

ಮೊದಲ ಆಟಕ್ಕೊಂದು ಸಿದ್ಧ ಕಥೆ

ಬೆಟ್ಟದ ಬುಡದಲ್ಲಿ ಒಂದು ಊರು. ಜಾತ್ರೆಗೆ ಮೂರೇ ದಿನ. ಬೆಳಿಗ್ಗೆ ನೋಡಿದರೆ ದೇವಸ್ಥಾನದ ದೊಡ್ಡ ಗಂಟೆ ಮಾಯ! ಗಂಟೆ ಬಾರಿಸದೆ ತೇರು ಎಳೆಯುವಂತಿಲ್ಲ. ಊರಿನವರು ನಿಮ್ಮ ಆಟಗಾರರ ಸಹಾಯ ಕೇಳುತ್ತಾರೆ.

ಊರಿನವರು ಇಬ್ಬರು: ಎಲ್ಲರ ಮೇಲೂ ಅನುಮಾನ ಪಡುವ ಪಟೇಲರು. ರಾತ್ರಿ ಏನೋ ನೋಡಿಯೂ ಹೆದರಿ ಬಾಯಿ ಬಿಡದ ಕುರಿ ಕಾಯುವ ಹುಡುಗ.

ಸುಳಿವು ಮೂರು: ಗಂಟೆ ಕಟ್ಟಿದ್ದ ಸರಪಳಿಯ ತುದಿ ಕರಗಿದೆ. ಬೆಟ್ಟದ ದಾರಿಯ ಹುಲ್ಲು ಅಲ್ಲಲ್ಲಿ ಸುಟ್ಟಿದೆ. ಹುಡುಗ ಕೊನೆಗೆ ಬಾಯಿಬಿಟ್ಟರೆ, ‘ಆಕಾಶದಲ್ಲಿ ರೆಕ್ಕೆ ಸದ್ದು ಕೇಳಿಸ್ತು’ ಅನ್ನುತ್ತಾನೆ.

ಗುಟ್ಟು: ಗುಹೆಯಲ್ಲಿ ಒಂದು ತಾಯಿ ಡ್ರ್ಯಾಗನ್ ಇದೆ. ಮರಿಗಳು ಹುಟ್ಟಿ ವಾರ ಆಗಿದೆ. ಬೆಳಗಿನ ಜಾವದ ಗಂಟೆ ಸದ್ದಿಗೆ ಮರಿಗಳು ಬೆಚ್ಚಿ ಎಚ್ಚರಾಗುತ್ತವೆ. ಸಾಕಾಗಿ ಹೋಗಿ ಗಂಟೆಯನ್ನೇ ಎತ್ತಿಕೊಂಡು ಬಂದಿದೆ!

ಮುಂದೆ? ಕೆಲವು ಮಕ್ಕಳು ಕತ್ತಿ ಹಿಡಿಯುತ್ತಾರೆ. ಕೆಲವರು ಡ್ರ್ಯಾಗನ್ ಮಲಗಿದಾಗ ಗಂಟೆ ಕದಿಯಲು ನೋಡುತ್ತಾರೆ. ಯಾರಾದರೊಬ್ಬರು ‘ಮಾತಾಡಿ ನೋಡೋಣ’ ಅಂದರೆ, ಗಂಟೆ ಬಾರಿಸುವ ಹೊತ್ತು ಬದಲಿಸುವ ರಾಜಿಯೂ ಆಗಬಹುದು. ಯಾವ ದಾರಿಯೂ ತಪ್ಪಲ್ಲ. ಪ್ರತಿ ದಾರಿಗೂ ಫಲ ಇದೆ, ಅಷ್ಟೇ.

ಒಂದು ಮಾತು ನೆನಪಿರಲಿ. ನೀವು ಡಿ.ಎಂ. ಆದಾಗ ಪಾಠ ಹೇಳಲು ಹೋಗಬೇಡಿ. ‘ನೋಡಿದ್ಯಾ, ಆತುರ ಮಾಡಿದ್ರೆ ಹೀಗೇ ಆಗೋದು’ ಅಂದ ತಕ್ಷಣ ಡ್ರ್ಯಾಗನ್ ಹಾರಿಹೋಗಿ, ಮತ್ತೆ ಅದೇ ಅಮ್ಮ ಉಳಿಯುತ್ತಾಳೆ. ಬದಲಿಗೆ ಮಗು ಯಾವ ಪಾತ್ರ ಆರಿಸಿಕೊಂಡಿತು, ಯಾವುದಕ್ಕೆ ಹೆದರಿತು, ಯಾರನ್ನು ಬಿಟ್ಟುಕೊಡಲಿಲ್ಲ ಅನ್ನುವುದನ್ನು ಸುಮ್ಮನೆ ನೋಡಿ. ‘ಸ್ಕೂಲಲ್ಲಿ ಏನಾಯ್ತು?’ ಅಂತ ಕೇಳಿದರೆ ‘ಏನಿಲ್ಲ’ ಅಂತ ಬಾಗಿಲು ಹಾಕಿಕೊಳ್ಳುವ ಹದಿಹರೆಯದ ಮಗ, ಆಟದಲ್ಲಿ ಗಾಯಗೊಂಡ ಗೆಳೆಯನನ್ನು ಹೊತ್ತು ಗುಹೆಯಿಂದ ಹೊರಬರುವಾಗ ತನ್ನ ಬಗ್ಗೆ ನಿಮಗೆ ಎಷ್ಟೋ ಹೇಳಿರುತ್ತಾನೆ.

ಮುಂದಿನ ರಜಾದಿನ ಸಂಜೆ ಟಿ.ವಿ. ಆರಿಸಿ. ಒಂದು ತಟ್ಟೆ ಚುರುಮುರಿ, ಎರಡು ದಾಳ, ನಾಲ್ಕು ಹಾಳೆ ಮೇಜಿನ ಮೇಲಿಡಿ. ಎಲ್ಲರೂ ಕೂತ ಮೇಲೆ ನಿಧಾನವಾಗಿ ಶುರು ಮಾಡಿ. “ಬೆಟ್ಟದ ಬುಡದಲ್ಲಿ ಒಂದು ಊರು. ಜಾತ್ರೆಗೆ ಮೂರೇ ದಿನ...” ಆಮೇಲೆ ಕೇಳಿ, “ಈಗ ನೀವೇನು ಮಾಡ್ತೀರಿ?” ಕೇಳಿದ ಮೇಲೆ ಸುಮ್ಮನಿರಿ. ಉತ್ತರ ಅವರೇ ಹೇಳಲಿ.